ಏರ್‌ಬಾಲನ ಹೆಂಡತಿ

ಮಧ್ಯಾಹ್ನದ ಬಿಸಿಲಿಗೆ ಮಾಡಿನ ತಗಡು ಚೆನ್ನಾಗಿ ಕಾದ ಮೇಲೆ ಸೇರಿಂಗ್ ರೇಡಿಯೋದಿಂದ ಸೆಲ್ಲುಗಳನ್ನು ಹೊರತೆಗೆದು ತಗಡಿನ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದಳು. ಬಿಸಿಲು ಕುಡಿದ ಸೆಲ್ಲು ಇನ್ನಷ್ಟು ದಿನ ಬಾಳುತ್ತದೆ ಎಂಬುದು ತುಬುರಾನಿನ ಎಲ್ಲ ಮನೆಗಳಿಗೂ ಗೊತ್ತಿದ್ದ ವಿಷಯ. ಸಂಜೆ ಗುಡಿಯಂಥ ನಮ್ಮ ಪುಟ್ಟ ಚಾಪೆಲ್ಲಿನ ಗಂಟೆ ಹೊಡೆದಾಗ ಅವಳು ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟು, ನಿಂತಲ್ಲೇ ನಿಂತು ಮಾತೆಯ ಪ್ರಾರ್ಥನೆ ಮುಗಿಸುತ್ತಿದ್ದಳು. ಆಮೇಲೆ ಸೆಲ್ಲು ತುಂಬಿ, ಮೀನಿಗೆ ಹೊಗೆ ಹಾಕುವ ಡ್ರಮ್ಮಿನ ಪಕ್ಕದ ಕಲ್ಲಿನ ಮೇಲೆ ರೇಡಿಯೋ ಇಟ್ಟು ಅದರ ಕಿವಿ ತಿರುಗಿಸುತ್ತಿದ್ದಳು.

ಮನಿಲಾದ ಬ್ಯಾಸ್ಕೆಟ್‌ಬಾಲ್ ಪಂದ್ಯ. ಕಾಮೆಂಟರಿ ಹೇಳುವವನು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದರೆ ಅದರ ಹಿಂದೆಯೇ ಇವಳೂ ಅದನ್ನು ಹೇಳುತ್ತಿದ್ದಳು, ಜಪಮಾಲೆಗೆ ಉತ್ತರ ಕೊಡುವವರ ಹಾಗೆ, ಕೆಳದನಿಯಲ್ಲಿ. ಪಂದ್ಯವಿಲ್ಲದ ಸಂಜೆ ಹಿಂದಿನ ಪಂದ್ಯವನ್ನು ನೆನಪಿನಿಂದ ಹೇಳುತ್ತಿದ್ದಳು. ಶುಭ ಶುಕ್ರವಾರ ರೇಡಿಯೋಗಳೆಲ್ಲ ಬಾಯಿ ಮುಚ್ಚಿಕೊಂಡಿರುತ್ತವೆ. ಆ ದಿನ ದೇವರು ಸತ್ತಿರುತ್ತಾನೆ, ಗಾಯವಾದರೂ ಕಾಯುವವರಿಲ್ಲ ಎಂದು ಊರವರು ಕತ್ತಿಯನ್ನೂ ಮುಟ್ಟುವುದಿಲ್ಲ. ಸೇರಿಂಗ್ ಅವತ್ತು ತುಟಿ ಬಿಗಿ ಹಿಡಿದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಮಗನನ್ನು ಹೆತ್ತ ಸಂಜೆಯೂ ಬಿಡಲಿಲ್ಲ ಎಂದು ಸೂಲಗಿತ್ತಿ ಹೇಳಿ ನಗುತ್ತಿದ್ದಳು.

ಇವಳಿಗೆ ಆಟದ ಹುಚ್ಚು ಎಂದು ಊರು ತಿಳಿದಿತ್ತು. ನಿಜ ಬೇರೆ. ಅವಳಿಗೆ ಆ ಆಟ ಕಂಡರೆ ಆಗುತ್ತಿರಲಿಲ್ಲ.

ಹೆಸರು ಗ್ಲಿಸೇರಿಯಾ ಪಲ್ಮಾರೆಸ್. ಊರಿಗೆ ನಾಂಗ್ ಸೇರಿಂಗ್, ಎಂದರೆ ಸೇರಿಂಗಕ್ಕ. ಹುಟ್ಟಿದ್ದು ಕಬ್ಬಿನ ತೋಟಗಳಾಚೆಯ ಗುಡ್ಡದಲ್ಲಿ. ಅಲ್ಲಿ ಕರೆಂಟು ಇರಲಿಲ್ಲ, ಶಾಲೆ ಎರಡನೇ ತರಗತಿಗೇ ನಿಂತಿತ್ತು. ಸಮುದ್ರವನ್ನು ಹತ್ತಿರದಿಂದ ನೋಡಿದ್ದೇ ಮೀನುಗಾರ ಇಸ್ಲಾವ್‌ನನ್ನು ಮದುವೆಯಾಗಿ ತುಬುರಾನಿಗೆ ಇಳಿದು ಬಂದಾಗ. ಇಸ್ಲಾವ್ ಎಂದರೆ ವೆನ್ಸೆಸ್ಲಾವೋ. ಉದ್ದನೆಯ ಕೈ, ಕಡಿಮೆ ಮಾತು. ಆ ದಿನಗಳಲ್ಲಿ ಊರಿನ ತಂಡಕ್ಕೆ ಅವನೇ ಜೀವ.

ನಮ್ಮ ಸಂತ ವಿಸೆಂತೆಯ ಹಬ್ಬಕ್ಕೆ ಚಾಪೆಲ್ಲಿನ ಎದುರಿನ ಸಿಮೆಂಟು ಅಂಗಳದಲ್ಲಿ ಲೀಗ್ ಪಂದ್ಯ ನಡೆಯುತ್ತದೆ. ಬಾಗಿಲಿನ ಮೇಲೆ ಬೆರಳೆತ್ತಿ ನಿಂತ ಸಂತ. ಹುಡುಗರು ಅವನನ್ನು ನೋಡಿ, ರೆಫರಿ ಫೌಲ್ ಕೊಡುತ್ತಿದ್ದಾನೆ ಎಂದು ತಮಾಷೆ ಮಾಡುತ್ತಾರೆ. ಅಂಗಳದ ಪಕ್ಕ ಎತ್ತರದ ಅಟ್ಟಣೆ, ಅದರ ಮೇಲೆ ಮೇಜು, ಮೈಕು. ಮೈಕಿನ ಹಿಂದೆ ದೆನ್ಸಿಯೋ. ಪ್ರುದೆನ್ಸಿಯೋ ತಗಮೊಲಿಲಾ ಆಗ ಬಾಡಿಗೆ ತ್ರಿಚಕ್ರ ಗಾಡಿ ಓಡಿಸುತ್ತಿದ್ದ. ಹೈಸ್ಕೂಲು ಮೆಟ್ಟಿಲು ಹತ್ತಿದವನಲ್ಲ. ಆದರೆ ಮೈಕು ಹಿಡಿದರೆ ಇಂಗ್ಲಿಷು ನಲ್ಲಿನೀರಿನ ಹಾಗೆ ಸುರಿಯುತ್ತಿತ್ತು. ಅದರಲ್ಲಿ ಒಂದಿಷ್ಟೇ ಪಾಲು ಅರ್ಥವಾದರೂ ಊರು ಬಾಯಿ ಬಿಟ್ಟುಕೊಂಡು ಕೇಳುತ್ತಿತ್ತು. ಆಟಗಾರರಿಗೆ ಅಡ್ಡಹೆಸರು ಇಡುವ ಹಕ್ಕೂ ಮೈಕು ಹಿಡಿದವನದೇ, ಅದು ನಮ್ಮಲ್ಲಿಯ ರೂಢಿ. ಅಲ್ಲಿ ಬಿದ್ದ ಹೆಸರು ಅಂಗಿಯಂತಲ್ಲ, ಚರ್ಮದಂತೆ ಅಂಟಿಕೊಳ್ಳುತ್ತದೆ. ಸೊಟ್ಟ ಎಂದು ಹೆಸರು ಬಿದ್ದವನು ಸೊಟ್ಟನಾಗಿಯೇ ಸಾಯುತ್ತಾನೆ, ಸ್ಮಶಾನದ ಕಲ್ಲಿನ ಮೇಲೂ ಎರಡು ಹೆಸರುಗಳ ನಡುವೆ ಅದನ್ನು ಕೆತ್ತುತ್ತಾರೆ.

ಸೇರಿಂಗ್ ಬಂದ ವರ್ಷದ ಕೊನೆಯ ಪಂದ್ಯ. ನಮ್ಮವರು ಒಂದೇ ಅಂಕ ಹಿಂದಿದ್ದರು. ಕೊನೆಯ ಎಸೆತ ಇಸ್ಲಾವ್‌ನ ಕೈಗೆ ಬಂತು. ಅವನು ಎಗರಿ ಎಸೆದ. ಸಮುದ್ರದ ಗಾಳಿಯೋ, ಬೆವರಿದ ಕೈಯೋ, ಚೆಂಡು ಕಬ್ಬಿಣದ ಬಳೆಯನ್ನೂ ಮುಟ್ಟಲಿಲ್ಲ, ಹಲಗೆಯನ್ನೂ ಮುಟ್ಟಲಿಲ್ಲ. ಹಾರಿಹೋಗಿ ಆಚೆ ಕಡೆ ಮೀನು ಒಣಹಾಕಿದ್ದ ಚಪ್ಪರದ ಮೇಲೆ ಬಿತ್ತು.

ಎದುರು ಊರಿನವರು ಶುರು ಮಾಡಿದರು. ಏರ್... ಬಾಲ್. ಏರ್... ಬಾಲ್. ಎರಡೇ ಸ್ವರ, ನಡುವೆ ಚಪ್ಪಾಳೆ, ಪ್ರಾರ್ಥನೆಯ ಹಾಡಿನ ಹಾಗೆ. ದೆನ್ಸಿಯೋ ಅದನ್ನೇ ಇಸ್ಲಾವ್‌ನ ಹೆಸರಾಗಿ ಮೈಕಿನಲ್ಲಿ ಸಾರಿದ, ನೋಡನೋಡುತ್ತ ಅಂಗಳ ಪೂರ್ತಿ ಹಾಡಿತು. ಬೆಂಚಿನ ಮೇಲೆ ಕೂತಿದ್ದ ಹೊಸ ಮದುಮಗಳಿಗೆ ಆಟವೂ ಗೊತ್ತಿಲ್ಲ, ಮಾತೂ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟೇ: ಬೇರೆ ಯಾರೂ ಎಸೆಯದಷ್ಟು ದೂರ ತನ್ನ ಗಂಡ ಎಸೆದ, ಊರೆಲ್ಲ ಅವನ ಕಡೆ ಕೈ ಮಾಡಿ ಹಾಡುತ್ತಿದೆ. ಅವಳು ಬೆಂಚಿನ ಮೇಲೆ ಹತ್ತಿ ನಿಂತಳು. ಗುಡ್ಡದ ಗಂಟಲು, ಒಂದು ಕಣಿವೆಯಿಂದ ಇನ್ನೊಂದಕ್ಕೆ ಕೂಗಿ ಕರೆದು ಬೆಳೆದ ಗಂಟಲು ಅದು. ಏರ್‌ಬಾಲ್ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದಳು.

ಇಸ್ಲಾವ್ ಒಮ್ಮೆ ತಿರುಗಿ ನೋಡಿದ.

ದೆನ್ಸಿಯೋ ಕೂಡ ನೋಡಿದ. ನೋಡಿ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಒಂದು ಉದ್ದ ಮಾತು ಹೇಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣುಗಳೆಲ್ಲ ತನ್ನ ಕಡೆ ತಿರುಗಿದ್ದನ್ನು ಕಂಡು ಸೇರಿಂಗ್, ತನ್ನನ್ನು ಹೊಗಳಿದರೆಂದುಕೊಂಡು, ಆಶೀರ್ವಾದ ಪಡೆಯುವವಳ ಹಾಗೆ ತಲೆ ತಗ್ಗಿಸಿ ನಕ್ಕಳು.

ಏರ್‌ಬಾಲ್ ಎಂದರೇನು ಎಂದು ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಹೆಂಗಸರೇ ಹೇಳಿದರು. ಏನನ್ನೂ ಮುಟ್ಟದೆ ಗಾಳಿಯಲ್ಲಿ ಹೋದ ಚೆಂಡು, ಗಂಡಸಿಗೆ ಅದಕ್ಕಿಂತ ನಗೆಪಾಟಲು ಬೇರೆ ಇಲ್ಲ. ಮನೆಗೆ ಬಂದವಳು ಇಸ್ಲಾವ್‌ಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಅವನು ದೋಣಿಯ ಹತ್ತಿರ ಕೂತು ಬಣ್ಣ ಕಲಸುತ್ತಿದ್ದ. ಸಂಜೆಯೊಳಗೆ ದೋಣಿಯ ಮೂತಿಯ ಮೇಲೆ ಕೆಂಪು ಅಕ್ಷರ ಬಂತು. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು: ಏರ್‌ಬಾಲ್.

ಇದು ನನಗೇ ಕೊಟ್ಟ ಶಿಕ್ಷೆ ಎಂದುಕೊಂಡಳು. ದಿನಾ ಬೆಳಿಗ್ಗೆ ಆ ದೋಣಿಯನ್ನು ನೀರಿಗೆ ದೂಡಲು ಹೆಗಲು ಕೊಡಬೇಕು, ದಿನಾ ಆ ಅಕ್ಷರ ಮೂಗಿನ ಮುಂದೆ. ಗಂಡ ಒಂದು ದಿನವೂ ಆ ಮಾತೆತ್ತಲಿಲ್ಲ. ಇವಳೂ ಎತ್ತಲಿಲ್ಲ. ಇಸ್ಲಾವ್ ಮತ್ತೆ ಅಂಗಳಕ್ಕೆ ಇಳಿಯಲಿಲ್ಲ.

ಆದರೆ ದೆನ್ಸಿಯೋ ಹೇಳಿದ ಆ ಉದ್ದ ಮಾತು ಅವಳ ಕಿವಿಯಲ್ಲಿ ಹಾಗೆಯೇ ಉಳಿದಿತ್ತು. ಅರ್ಥವಿಲ್ಲದೆ, ಬರೀ ಸದ್ದಾಗಿ, ಒಂದು ಉಸಿರೂ ತಪ್ಪದೆ. ಅವಳ ಅಜ್ಜಿ ಹೀಗೆಯೇ ಲ್ಯಾಟಿನ್ ಪ್ರಾರ್ಥನೆ ಹೇಳುತ್ತಿದ್ದಳು, ಒಂದು ಪದವೂ ಗೊತ್ತಿಲ್ಲದೆ. ಅಜ್ಜಿಯ ಮಾತು ದೇವರಿಗೆ ಅರ್ಥವಾಗುತ್ತಿತ್ತು. ಇದನ್ನು ಯಾರಿಗೆ ಒಪ್ಪಿಸುವುದು? ಯಾರನ್ನಾದರೂ ಕೇಳಿದರೆ ಆ ಮಾತನ್ನು ತಾನೇ ಬಾಯಿಬಿಟ್ಟು ಹೇಳಬೇಕು, ಮತ್ತೆ ನಗು. ಹಾಗಾಗಿ, ತಾನೇ ಕೇಳಿ ಕಲಿಯಲೆಂದು, ಹೊಗೆಮೀನು ಮಾರಿ ಮೊದಲು ಕೊಂಡ ಸಾಮಾನೇ ರೇಡಿಯೋ.

ಪದಗಳು ಒಂದೊಂದಾಗಿ ಬಂದವು. ಸಂಜೆ ಕಿವಿಗೆ ಬಿದ್ದದ್ದನ್ನು ಭಾನುವಾರ ಅಂಗಳದಲ್ಲಿ ಹುಡುಗರು ಆಡುವಾಗ ಕಣ್ಣಿನಿಂದ ಹೊಂದಿಸುತ್ತಿದ್ದಳು. ಹಲಗೆಗೆ ಬಡಿದು ವಾಪಸು ಬಂದದ್ದು ರಿಬೌಂಡ್. ಕೈಯಿಂದ ಕಿತ್ತುಕೊಂಡದ್ದು ಸ್ಟೀಲ್. ಕಳೆದುಕೊಂಡು ತಲೆ ಚಚ್ಚಿಕೊಂಡದ್ದು ಟರ್ನೋವರ್. ಆ ಇಂಗ್ಲಿಷಿನಲ್ಲಿ ಸೌಟಿಗೆ ಪದವಿರಲಿಲ್ಲ, ಅತ್ತೆಗೆ ಇರಲಿಲ್ಲ, ಮಳೆಗೂ ಇರಲಿಲ್ಲ. ಗೆಲ್ಲುವುದಕ್ಕೆ, ಸೋಲುವುದಕ್ಕೆ, ತಳ್ಳುವುದಕ್ಕೆ, ತಡೆಯುವುದಕ್ಕೆ ಮಾತ್ರ ಬೇಕಾದಷ್ಟಿತ್ತು. ಅವಳಿಗೆ ಬೇಕಾದದ್ದೂ ಅಷ್ಟೇ. ಮೀನು ಕೊಳ್ಳಲು ಬಂದು ಚೌಕಾಸಿ ಎಳೆಯುವವರಿಗೆ ಡಿಲೇ ಆಫ್ ಗೇಮ್ ಎಂದು ಗದರುತ್ತಿದ್ದಳು. ಒಮ್ಮೆ ವಿದೇಶಿ ಪಾದ್ರಿಯೊಬ್ಬರು ಮನೆಗೆ ಬಂದು ಹೇಗಿದ್ದೀಯಮ್ಮಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹಿಂದಿದ್ದೇವೆ ಫಾದರ್, ಆದರೆ ಪಂದ್ಯ ಇನ್ನೂ ಮುಗಿದಿಲ್ಲ ಎಂದು ರೇಡಿಯೋದವನ ಧಾಟಿಯಲ್ಲೇ ಇಂಗ್ಲಿಷಿನಲ್ಲಿ ಹೇಳಿದಳು. ಪಾದ್ರಿ ನಕ್ಕು, ಆಮೇಲೆ ನಗು ನಿಲ್ಲಿಸಿ, ಅವಳ ತಲೆಯ ಮೇಲೆ ಕೈಯಿಟ್ಟರು.

ದೆನ್ಸಿಯೋನ ಮಾತು ಹೀಗೆ ತುಂಡುತುಂಡಾಗಿ ಬಿಡಿಸಿಕೊಂಡಿತು. ಕ್ರೌಡ್ ಎಂದರೆ ಈ ನೆರೆದ ಜನ. ಲೌಡೆಸ್ಟ್ ಎಂದರೆ ಎಲ್ಲರಿಗಿಂತ ಜೋರು. ಕಡೆಯ ಪದ ಮಾತ್ರ ವರ್ಷಗಟ್ಟಲೆ ಸಿಗಲಿಲ್ಲ. ಮಗ ಜೋವೆನ್ ತೊಡೆಯ ಮೇಲೆ ಆಡುವ ವಯಸ್ಸಿನಲ್ಲಿ ಒಂದು ಸಂಜೆ, ಪಂದ್ಯದ ಬಿಡುವಿನಲ್ಲಿ, ಅಮೆರಿಕದಿಂದ ಬಂದ ಆಟಗಾರನ ಜೊತೆ ಅವನ ಸ್ಪೌಸ್ ಕೂಡ ಬಂದಿದ್ದಾಳೆ, ಇಬ್ಬರಿಗೂ ಹೊಸದಾಗಿ ಮದುವೆಯಾಗಿದೆ ಎಂದು ರೇಡಿಯೋ ಹೇಳಿತು. ಸೇರಿಂಗ್ ಕೈಯಲ್ಲಿದ್ದ ಮೀನಿನ ತಟ್ಟೆ ಕೆಳಗಿಟ್ಟಳು.

ಈ ನೆರೆದ ಜನರಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿರುವವಳು ಅವನ ಸ್ವಂತ ಹೆಂಡತಿ.

ಇದನ್ನು ದೆನ್ಸಿಯೋ ಮೈಕಿನಲ್ಲಿ ಹೇಳಿದ್ದ, ಎರಡು ಊರುಗಳಿಗೆ ಕೇಳುವ ಹಾಗೆ. ಇಸ್ಲಾವ್‌ಗೆ ತಿಳಿಯದೆ ಇದ್ದರೂ ಯಾರಾದರೂ ತಿಳಿಸಿಯೇ ಇರುತ್ತಾರೆ. ತಾನು ತಲೆ ತಗ್ಗಿಸಿ ನಕ್ಕದ್ದನ್ನೂ ಅವನು ಕಂಡಿರುತ್ತಾನೆ.

ಇನ್ನೊಂದು ಸಂಗತಿಯೂ ಆ ವರ್ಷಗಳಲ್ಲಿ ಅವಳಿಗೆ ತಿಳಿಯಿತು. ದೆನ್ಸಿಯೋ ಹಬ್ಬದಲ್ಲಿ ಸುರಿಯುತ್ತಿದ್ದ ಇಂಗ್ಲಿಷು ಅವನದಲ್ಲ. ರೇಡಿಯೋದ್ದು. ಒಂದೊಂದು ವಾಕ್ಯವೂ, ಅದರ ಏರಿಳಿತದ ಸಮೇತ, ಮನಿಲಾದಿಂದ ಬಂದದ್ದು. ಎಸೆತಕ್ಕೊಂದು, ಫೌಲಿಗೊಂದು, ಗೆಲುವಿಗೊಂದು ವಾಕ್ಯ ಇಟ್ಟುಕೊಂಡಿದ್ದ, ಡಬ್ಬಿಯಲ್ಲಿ ಅಂಗಿಯ ಗುಂಡಿಗಳನ್ನು ಇಟ್ಟುಕೊಂಡವನ ಹಾಗೆ. ಅವಳು ಆ ಹೆಂಡತಿಯ ಮಾತೂ ಒಂದು ದಿನ ರೇಡಿಯೋದಲ್ಲಿ ಬಂದೀತು ಎಂದು ಕಾದಳು. ಬರಲಿಲ್ಲ. ದೆನ್ಸಿಯೋ ಸ್ವಂತವಾಗಿ ಕಟ್ಟಿದ್ದು ಅದೊಂದೇ.

ದ್ವೇಷ ಮಾಡುವುದು ಪಾಪವೆಂದು ಅವಳಿಗೆ ಗೊತ್ತಿತ್ತು. ಪ್ರತಿ ಲೆಂಟ್‌ನಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಪಾಪನಿವೇದನೆಗೆ ಹೋಗಿ ಹೇಳಿಕೊಳ್ಳುತ್ತಿದ್ದಳು, ಪಾದ್ರಿ ಕೊಟ್ಟ ಜಪ ಮುಗಿಸುತ್ತಿದ್ದಳು, ಹೊರಗೆ ಬಂದು ಮತ್ತೆ ದ್ವೇಷಿಸುತ್ತಿದ್ದಳು. ದೆನ್ಸಿಯೋನ ಮನೆಯವರಿಗೆ ಮೀನು ಮಾರುತ್ತಿರಲಿಲ್ಲ. ಅವನೂ ಬಿಡುವವನಲ್ಲ. ಊರಿನ ಪಂಚಾಯಿತಿ ಸದಸ್ಯನಾಗಿ ಚುನಾಯಿತನಾದ ಮೇಲೆ ಧ್ವನಿವರ್ಧಕ ಕಟ್ಟಿದ ತ್ರಿಚಕ್ರದಲ್ಲಿ ಸಾವು, ಲಸಿಕೆ, ನೀರಿನ ಸುದ್ದಿ ಸಾರುತ್ತ ಬರುತ್ತಿದ್ದ. ಅವಳ ಬೇಲಿಯ ಹತ್ತಿರ ಬಂದಾಗ ವೇಗ ಕಡಿಮೆ ಮಾಡಿ, ಒಳ್ಳೆಯ ಹೊಗೆಮೀನು ಬೇಕಾದವರು ಏರ್‌ಬಾಲನ ಹೆಂಡತಿಯ ಹತ್ತಿರ ಹೋಗಿ, ಜಾಹೀರಾತು ಪುಕ್ಕಟೆ ಎಂದು ಸಾರುತ್ತಿದ್ದ. ಅವಳು ಕಿಟಕಿ ದಢಾರನೆ ಹಾಕಿಕೊಳ್ಳುತ್ತಿದ್ದಳು. ಅದಕ್ಕೂ ಅವನ ಹತ್ತಿರ ಒಂದು ಇಂಗ್ಲಿಷ್ ಗುಂಡಿ ಇತ್ತು.

ಜೋವೆನ್ ಬೆಳೆದ. ಅಪ್ಪನದೇ ಕೈ. ಅವನು ಪ್ರಾಯಕ್ಕೆ ಬಂದ ವರ್ಷ ಊರಿನ ತಂಡ ಅವನನ್ನು ಸೇರಿಸಿಕೊಂಡಿತು, ನೀಲಿ ಅಂಗಿ ಬಂತು, ಬೆನ್ನ ಮೇಲೆ ಪಲ್ಮಾರೆಸ್ ಎಂದು ಅಚ್ಚು. ಸೇರಿಂಗ್ ಅದನ್ನು ಒಗೆದು ಒಣಹಾಕಿ ಬಹಳ ಹೊತ್ತು ನೋಡಿದಳು. ಗಂಡನ ಹೆಸರು ಹೋಯಿತು. ಮಗನ ಬೆನ್ನಿನ ಮೇಲಿರುವುದಾದರೂ ಉಳಿಯಬೇಕು. ಮೈಕಿನಲ್ಲಿ ಒಮ್ಮೆ ಅಡ್ಡಹೆಸರು ಬಿದ್ದರೆ ಮೊಮ್ಮಕ್ಕಳಿಗೂ ಬಿಡುವುದಿಲ್ಲ.

ಪಂದ್ಯಾವಳಿ ಶುರುವಾಗುವ ಹಿಂದಿನ ದಿನ ಅವಳು ದೆನ್ಸಿಯೋನ ಮನೆಯಂಗಳಕ್ಕೆ ಹೋದಳು. ಅವನು ಅಂಕದ ಹುಂಜದ ಮೈ ತೊಳೆಯುತ್ತಿದ್ದ. ಹಿರಿಯರನ್ನು ಕರೆಯುವ ಹಾಗೆ ನೋಂಗ್, ಎಂದರೆ ಅಣ್ಣ, ಎಂದೇ ಅವಳು ಮಾತು ಶುರು ಮಾಡಿದಳು.

"ನೋಂಗ್ ದೆನ್ಸಿಯೋ, ನಾಳೆ ಹೆಸರು ಓದ್ತೀರಲ್ಲ. ನನ್ನ ಮಗನ್ನ ಜೋವೆನ್ ಪಲ್ಮಾರೆಸ್ ಅಂತ ಓದಿ. ಅಷ್ಟೇ ಸಾಕು."

"ಓಹೋ, ನಾಂಗ್ ಸೇರಿಂಗ್ ನಮ್ಮನೆಗೆ. ಹುಂಜ ಮೊಟ್ಟೆ ಇಡ್ತದೆ ಇವತ್ತು." ಅವನು ತಲೆ ಎತ್ತಲಿಲ್ಲ. "ಓದ್ತೀನಿ. ಅಪ್ಪನ ಹೆಸರೂ ಸೇರಿಸೇ ಓದ್ತೀನಿ."

"ಅವನಪ್ಪನ ಹೆಸರು ವೆನ್ಸೆಸ್ಲಾವೋ."

"ಅದ್ಯಾರು? ಹೋಗಿ ಈ ಬೀದೀಲಿ ಕೇಳು, ವೆನ್ಸೆಸ್ಲಾವೋ ಮನೆ ಯಾವುದು ಅಂತ. ಪೋಸ್ಟಿನೋನಿಗೂ ಗೊತ್ತಿಲ್ಲ." ಹುಂಜದ ಕುತ್ತಿಗೆಯನ್ನು ಒರೆಸಿ ಅವನು ಈಗ ಅವಳನ್ನು ನೋಡಿದ. "ಹೆಸರಿಟ್ಟೋನು ನಾನೇ, ಇಲ್ಲ ಅನ್ನಲ್ಲ. ಆದ್ರೆ ಅವತ್ತು ಎಲ್ಲರಿಗಿಂತ ಜೋರಾಗಿ ಕೂಗಿದ್ದು ಯಾರು ಸೇರಿಂಗ್? ನಾನಾ?"

ಅವಳು ನಿಂತ ನೆಲ ಬಿಡಲಿಲ್ಲ.

"ಮಗನ ತಂಟೆಗೆ ಬಂದ್ರೆ ನಿಮ್ಮ ಬಾಯಲ್ಲಿ ಇಂಗ್ಲಿಷು ಉಳಿಯಲ್ಲ, ನೋಂಗ್."

"ಏನ್ಮಾಡ್ತೀಯ? ಮೀನಿನ ಕರುಳು ತೆಗ್ದಂಗೆ ತೆಗೀತೀಯಾ?"

ಅವನ ನಗು ಬೇಲಿ ದಾಟುವವರೆಗೂ ಹಿಂದೆ ಬಂತು.

ಮರುದಿನ ತಂಡಗಳ ಮೆರವಣಿಗೆ. ಒಂದೊಂದು ತಂಡದ ಮುಂದೆಯೂ ಮಿರುಗುವ ಗೌನು ತೊಟ್ಟ ಹುಡುಗಿ, ಹಿಂದೆ ಹೊಸ ಅಂಗಿಯ ಹುಡುಗರು. ಜೋವೆನ್‌ನ ಸರದಿ ಬಂದಾಗ ದೆನ್ಸಿಯೋ ಉಸಿರೆಳೆದುಕೊಂಡ. ಬೇಕೆಂದೇ ತಡ ಮಾಡಿದ. ಆಮೇಲೆ ಕಹಳೆಯಂಥ ದನಿಯಲ್ಲಿ ಸಾರಿದ: ಏರ್‌ಬಾಲ್ ಜೂನಿಯರ್. ಅಂಗಳ ನಕ್ಕಿತು. ಎರಡು ಸ್ವರದ ಆ ಹಾಡು ಮತ್ತೆ ಎದ್ದಿತು. ಹುಡುಗ ಇನ್ನೂ ಚೆಂಡನ್ನು ಮುಟ್ಟಿರಲಿಲ್ಲ. ಅವನು ಕೈಯೆತ್ತಿ ನಕ್ಕ, ಕಿವಿ ಮಾತ್ರ ಕೆಂಪಾಗಿತ್ತು. ಸೇರಿಂಗ್ ಆ ಕಿವಿಯನ್ನು ನೋಡಿದಳು.

ಮುಂದಿನ ಪಂದ್ಯಕ್ಕೆ ಅವಳು ಮೀನಿನ ಬುಟ್ಟಿಯನ್ನು ಮನೆಯಲ್ಲೇ ಬಿಟ್ಟು, ತನ್ನದೇ ಸ್ಟೂಲು ಹೊತ್ತು ತಂದು, ಅಟ್ಟಣೆಯ ಕೆಳಗೆ, ಮೈಕಿನ ನೇರಕ್ಕೆ ಕೂತಳು. ಚಾಪೆಲ್ಲಿನ ಕಡೆ ತಿರುಗಿ ಶಿಲುಬೆಯ ಗುರುತು ಮಾಡಲು ಹೋದ ಕೈ ಅರ್ಧಕ್ಕೇ ನಿಂತಿತು. ಮಾಡಲಿರುವ ಕೆಲಸಕ್ಕೆ ದೇವರನ್ನು ಕರೆಯಲು ಅವಳಿಗೆ ಮನಸ್ಸು ಬರಲಿಲ್ಲ.

ಮೊದಲ ಹುಡುಗ ದೂರದಿಂದ ಎಸೆಯಲು ಕೈ ಎತ್ತಿದ. ಸೇರಿಂಗ್ ಆ ಗುಡ್ಡದ ಗಂಟಲಿನಲ್ಲಿ ಹೇಳಿದಳು: "ಫ್ರಮ್ ವೇ ಡೌನ್‌ಟೌನ್!" ಅರೆಗಳಿಗೆ ಕಳೆದು ಧ್ವನಿವರ್ಧಕವೂ ಅದನ್ನೇ ಹೇಳಿತು. ಹತ್ತಿರ ಕೂತಿದ್ದವರು ತಿರುಗಿದರು. ರೆಫರಿ ಪೀಪಿ ಊದಿದ. ಫೌಲಿಗೆ ಬರುವ ವಾಕ್ಯವನ್ನೂ ಅವಳೇ ಮೊದಲು ಹೇಳಿದಳು, ಧ್ವನಿವರ್ಧಕ ಹಿಂದಿನಿಂದ ಬಂತು. ಮೂರನೆಯ ಸಲಕ್ಕೆ ಬೆಂಚಿನವರು ಒಬ್ಬರನ್ನೊಬ್ಬರು ತಿವಿದುಕೊಂಡರು. ದೆನ್ಸಿಯೋ ಬಗ್ಗಿ ಕೆಳಗೆ ನೋಡಿದ. ಬೇಕೆಂದೇ ದಾರಿ ಬದಲಿಸಿ ಬೇರೊಂದು ವಾಕ್ಯ ಹಿಡಿದ. ಅದರ ಮೊದಲ ಪದ ಕೇಳುತ್ತಲೇ ಉಳಿದದ್ದನ್ನು ಅವಳು ಮುಗಿಸಿದಳು. ಅವನ ಬಾಯಿ ತೆರೆದೇ ಇತ್ತು, ಹೇಳಲು ಏನೂ ಉಳಿದಿರಲಿಲ್ಲ.

ಅವನು ಇಂಗ್ಲಿಷ್ ಬಿಟ್ಟು ನಮ್ಮ ಮಾತಿಗೇ ಬಂದ. ಜನ ಬಿಡಲಿಲ್ಲ, ಇಂಗ್ಲಿಷ್ ಇಂಗ್ಲಿಷ್ ಎಂದು ಕೂಗಿದರು. ಅವನು ಇಂಗ್ಲಿಷಿಗೆ ಮರಳಿದ, ಅವಳು ಅಲ್ಲಿ ಕಾದು ಕೂತಿದ್ದಳು. ಬೆವರು ಅವನ ಕನ್ನಡಕದ ಮೇಲೆ ಇಳಿಯುತ್ತಿತ್ತು. ಆಗ ಎದುರು ಬೆಂಚಿನಿಂದ ಯಾರೋ ಕೂಗಿದರು: ರೀಪ್ಲೇ! ಟಿವಿಯಲ್ಲಿ ಆಗಿಹೋದದ್ದನ್ನೇ ಮತ್ತೆ ತೋರಿಸುತ್ತಾರಲ್ಲ, ಅದು. ಅಂಗಳಕ್ಕೆ ಅಷ್ಟು ಸಾಕಾಯಿತು. ರೀ... ಪ್ಲೇ. ರೀ... ಪ್ಲೇ. ಹಳೆಯ ಎರಡು ಸ್ವರ, ನಡುವೆ ಹಳೆಯ ಚಪ್ಪಾಳೆ.

ಸೇರಿಂಗ್ ತಲೆ ಎತ್ತಿ ಅಟ್ಟಣೆಯ ಮೇಲೆ ನೋಡಿದಳು. ಇಪ್ಪತ್ತು ವರ್ಷ ಮೇಲಾಯಿತು, ಈ ಮುಖ ಹೀಗಾಗುವುದನ್ನು ನೋಡಲು ಕಾದಿದ್ದಳು. ಅದು ಹಾಗೆಯೇ ಆಗಿತ್ತು. ಆದರೆ ಮೇಜಿನ ತುದಿಯಲ್ಲಿ ದೆನ್ಸಿಯೋನ ಮೊಮ್ಮಗಳು ಕೂತಿದ್ದಳು, ಇನ್ನೂ ಶಾಲೆಗೆ ಹೋಗದ ಮಗು, ಎರಡು ಜುಟ್ಟು. ಅಜ್ಜನ ಕಡೆ ಊರೆಲ್ಲ ಕೈ ಮಾಡಿ ಹಾಡುತ್ತಿರುವುದನ್ನು ಕಂಡು ಅವಳ ಮುಖ ಅರಳಿತ್ತು. ಚಪ್ಪಾಳೆ ತಟ್ಟುತ್ತ, ಕಾಲು ಆಡಿಸುತ್ತ, ಅಜ್ಜನ ಕಿವಿಯ ಹತ್ತಿರವೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು.

ಅವನು ತಿರುಗಿ ಮಗುವನ್ನು ನೋಡಿದ. ಆ ತಿರುಗುವಿಕೆಯನ್ನು ಸೇರಿಂಗ್ ಹಿಂದೆ ಒಮ್ಮೆ ಕಂಡಿದ್ದಳು.

ಸ್ಟೂಲು ಎತ್ತಿಕೊಂಡು ಅವಳು ಪಂದ್ಯ ಮುಗಿಯುವ ಮೊದಲೇ ಹೊರಟಳು. ಜನ ದಾರಿ ಬಿಟ್ಟುಕೊಟ್ಟರು, ಒಬ್ಬಿಬ್ಬರು ಬೆನ್ನು ತಟ್ಟಿದರು. ಅವಳಿಗೆ ಅದು ಬೇಡವಾಗಿತ್ತು.

ಜೋವೆನ್ ಮನೆಗೆ ಬಂದು ನೀಲಿ ಅಂಗಿಯನ್ನು ಬಕೆಟ್ಟಿಗೆ ಎಸೆದ.

"ಗೆದ್ರಾ ತೋತೋ, ಮಗಾ?"

"ಗೆದ್ವಿ. ಕೊನೇದು ನಾನೇ ಹಾಕ್ದೆ, ಆ ಮೂಲೆಯಿಂದ. ಬಳೆಗೂ ತಾಗ್ಲಿಲ್ಲ, ನೇರ ಒಳಗೆ." ಅವನು ಅವಳನ್ನು ನೋಡದೆ ಹೇಳಿದ. "ಯಾರೂ ನೋಡ್ಲಿಲ್ಲಮ್ಮ. ಎಲ್ರೂ ಆ ಮುದುಕನ್ನ ನೋಡಿ ನಗ್ತಾ ಇದ್ರು. ನೀನೂ ಇರಲಿಲ್ಲ."

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸೇರಿಂಗ್ ಬಕೆಟ್ಟಿನಿಂದ ಅಂಗಿಯನ್ನು ಎತ್ತಿದಳು, ಹಿಂಡಿದಳು, ಮತ್ತೆ ಅದರಲ್ಲೇ ಹಾಕಿದಳು.

ಇಸ್ಲಾವ್ ದೋಣಿಯ ಹೊಟ್ಟೆಗೆ ಅಂಟಿದ ಚಿಪ್ಪುಗಳನ್ನು ಕೆರೆಯುತ್ತಿದ್ದ. ಊರಿನಲ್ಲಿ ಆದದ್ದು ಆಗಲೇ ಅವನ ಕಿವಿಗೂ ಬಂದಿರಬೇಕು, ಕೇಳಲಿಲ್ಲ. ಸೇರಿಂಗ್ ಹೋಗಿ ಕೆಂಪು ಅಕ್ಷರಗಳ ಎದುರು ನಿಂತಳು. ವರ್ಷ ವರ್ಷವೂ ಅವನೇ ಅವುಗಳಿಗೆ ಬಣ್ಣ ಬಳಿಯುತ್ತಿದ್ದ.

"ಅವತ್ತು ನಂಗೆ ಆ ಪದ ಗೊತ್ತಿರ್ಲಿಲ್ಲ, ಇಸ್ಲಾವ್."

ಕೆರೆಯುವ ಸದ್ದು ನಿಲ್ಲಲಿಲ್ಲ. "ಗೊತ್ತು."

"ಏನು ಗೊತ್ತು?"

"ನಿಂಗೆ ಗೊತ್ತಿರ್ಲಿಲ್ಲ ಅಂತ ಗೊತ್ತು. ಗುಡ್ಡದಿಂದ ಬಂದೋಳು. ಹಲಗೆ ಮುರಿದು ನನ್ನ ತಲೆ ಮೇಲೆ ಬಿದ್ದಿದ್ರೂ ಚಪ್ಪಾಳೆ ಹೊಡೀತಿದ್ದೆ."

ಅವಳು ದೋಣಿಯ ಅಂಚು ಹಿಡಿದುಕೊಂಡಳು.

"ಮತ್ತೆ ಇದನ್ಯಾಕೆ ಬರೆದೆ? ನನ್ನ ಕಣ್ಣಿಗೆ ಚುಚ್ಚೋಕೆ ಅಲ್ವಾ?"

"ನಿನ್ನ ಕಣ್ಣಿಗ್ಯಾಕೆ?" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ದೆನ್ಸಿಯೋ ಮತ್ತೆ ಕೂಗೋಕೆ ಮುಂಚೆ ನಾನೇ ಬರ್ಕೊಂಡ್ಬಿಟ್ರೆ ಅವನ ಬಾಯಲ್ಲಿ ಏನುಳೀತದೆ? ನೀನು ಇವತ್ತು ಮಾಡಿದ್ದು ಅದೇ ತಾನೆ?"

"ಒಂದು ಮಾತು ಹೇಳ್ಬೋದಿತ್ತು ನೀನು."

"ನೀ ಕೇಳ್ಲಿಲ್ಲ. ದಿನಾ ಸಂಜೆ ರೇಡಿಯೋ ಮುಂದೆ ಕೂತು ಗೊಣಗ್ತಾ ಇದ್ದೆ. ನಿಂಗೆ ಆಟ ಅಂದ್ರೆ ಇಷ್ಟ ಅಂದ್ಕೊಂಡಿದ್ದೆ."

ಅವಳು ಅಳಲಿಲ್ಲ. ಕೋಪ ಬಂತು, ಇಡೀ ಪ್ರಾಯದಷ್ಟು ದೊಡ್ಡ ಕೋಪ, ಈ ಮನುಷ್ಯನ ಮೇಲೆ, ಇವನ ಕಡಿಮೆ ಮಾತಿನ ಮೇಲೆ, ತನ್ನ ಬಿಗಿದ ಬಾಯಿಯ ಮೇಲೆ. ಆ ದಿನ ಊಟಕ್ಕೆ ಅನ್ನ ಬಡಿಸಿ ಸಾರಿನ ಪಾತ್ರೆಯನ್ನು ಅವನ ಮುಂದೆ ಕುಕ್ಕಿ ಎದ್ದು ಹೋದಳು. ಅವನು ತಾನೇ ಬಡಿಸಿಕೊಂಡು ಉಂಡ.

ಮರುದಿನ ಸಂಜೆ ಪ್ರಾರ್ಥನೆಯ ಗಂಟೆಯಾದ ಮೇಲೆ ಎಂದಿನಂತೆ ಸೆಲ್ಲು ತುಂಬಿದಳು. ಏಕೆ ಎಂದು ಅವಳಿಗೇ ತಿಳಿಯಲಿಲ್ಲ. ಕೈ ಮಾಡಿತು. ಪಂದ್ಯ ಆಗಲೇ ಶುರುವಾಗಿತ್ತು. ಡ್ರಮ್ಮಿನ ಮುಚ್ಚಳ ಸರಿಸಿ ಬೆಳ್ಳಗಿನ ಮೀನು ಕಂದು ಬಣ್ಣಕ್ಕೆ ತಿರುಗುವುದನ್ನು ನೋಡುತ್ತಿದ್ದಾಗ ಬೇಲಿಯ ಹೊರಗೆ ಯಾರೋ ನಿಂತದ್ದು ಗೊತ್ತಾಯಿತು. ದೆನ್ಸಿಯೋ. ನಡೆದು ಬಂದಿದ್ದ. ತ್ರಿಚಕ್ರದಲ್ಲಿ ಬಂದರೆ ದಾರಿಯುದ್ದಕ್ಕೂ ಹುಡುಗರು ರೀಪ್ಲೇ ಎನ್ನುತ್ತಾರೆ. ಅವನು ಅವಳನ್ನು ನೋಡುತ್ತಿರಲಿಲ್ಲ, ರೇಡಿಯೋ ಕಡೆ ಕಿವಿ ಕೊಟ್ಟಿದ್ದ. ತುಟಿ ಅಲ್ಲಾಡುತ್ತಿತ್ತು. ಮನಿಲಾದವನು ಹೇಳಿದ ಮಾತನ್ನು ಹಿಂದಿನಿಂದ ಹೇಳಿಕೊಳ್ಳುತ್ತಿದ್ದ, ಸದ್ದಿಲ್ಲದೆ. ಅವಳ ತುಟಿಯೂ ಅದನ್ನೇ ಹೇಳುತ್ತಿತ್ತು. ಅದನ್ನು ಅರಿತ ಕೂಡಲೇ ಅವಳು ಬಾಯಿ ಮುಚ್ಚಿದಳು.

"ಮೀನು ಇಲ್ಲ ನೋಂಗ್."

"ಮೀನಿಗೆ ಬರ್ಲಿಲ್ಲ." ಅವನು ಟೋಪಿ ತೆಗೆದ. ಮೈಕಿಲ್ಲದ ಅವನ ದನಿ ಸಣ್ಣದಾಗಿತ್ತು. "ಫೈನಲ್ ದಿನ ಶುರುವಾಗೋಕೆ ಮುಂಚೆ ಇಸ್ಲಾವ್‌ನ ಅಂಗಳದ ಮಧ್ಯಕ್ಕೆ ಕರೀತೀನಿ. ಪೂರ್ತಿ ಹೆಸರು ಹಿಡ್ದು. ವೆನ್ಸೆಸ್ಲಾವೋ ಪಲ್ಮಾರೆಸ್. ಕೈಗೆ ಚೆಂಡು ಕೊಡ್ತೀನಿ, ಹತ್ತಿರದಿಂದ ಹಾಕ್ಲಿ, ಬೀಳೋ ತನಕ ಹಾಕ್ಲಿ. ಅವತ್ತು ಗಾಳಿ ಜೋರಿತ್ತು, ತಪ್ಪು ಗಾಳೀದು ಅಂತ ನಾನೇ ಮೈಕಲ್ಲಿ ಹೇಳ್ತೀನಿ. ಹುಡುಗನ ಹೆಸರೂ ಸರಿಯಾಗಿ ಓದ್ತೀನಿ. ಅಲ್ಲಿಗೆ ಆ ಹೆಸರು ಮುಗೀತು." ಟೋಪಿಯ ಅಂಚು ತಿರುವುತ್ತ ಹೇಳಿದ, "ಬದಲಿಗೆ ನೀನು ಏನೂ ಮಾಡ್ಬೇಕಾಗಿಲ್ಲ. ಬೇಕಾದ್ರೆ ಕೆಳಗೇ ಕೂತ್ಕೋ."

ಮದುವೆಯ ಹೊಸತರಲ್ಲಿ ಈ ಮಾತು ಬಂದಿದ್ದರೆ ಸೇರಿಂಗ್ ಅವನ ಕಾಲು ಹಿಡಿಯುತ್ತಿದ್ದಳು. ಹಿಂದಿನ ವಾರ ಬಂದಿದ್ದರೂ ಕಣ್ಣೀರು ಹಾಕುತ್ತಿದ್ದಳೇನೋ. ಆಚೆ ಮರಳಿನ ಮೇಲೆ ದೋಣಿ ಮಲಗಿತ್ತು. ಮಸುಕು ಬೆಳಕಿನಲ್ಲೂ ಕೆಂಪು ಅಕ್ಷರಗಳು ಕಾಣುತ್ತಿದ್ದವು. ಅವು ಯಾರದೋ ಬಾಯಿಂದ ಬಿದ್ದವು ಎಂದು ಇಷ್ಟು ದಿನ ನೋಡುತ್ತಿದ್ದಳು. ಈಗ ಬಣ್ಣದ ಕುಂಚ ಹಿಡಿದ ಗಂಡನ ಕೈ ಮಾತ್ರ ಕಾಣುತ್ತಿತ್ತು.

"ಮಗು ಹೇಗಿದೆ?" ಎಂದು ಕೇಳಿದಳು.

"ಯಾವ ಮಗು?" ಎಂದವನಿಗೆ ಕೇಳಿದ್ದು ಮೊಮ್ಮಗಳನ್ನು ಎಂದು ಹೊಳೆಯಿತು. "ಮನೇಲೂ ರೀಪ್ಲೇ ಅಂತಾನೇ ಕರೀತಾಳೆ ನನ್ನ. ಅದು ಒಳ್ಳೇ ಹೆಸರು ಅಂತ ಅವಳ ಲೆಕ್ಕ."

"ಅವಳಿಗೆ ಅರ್ಥ ಹೇಳ್ಬಿಡಿ, ಇವತ್ತೇ. ಅವಳೇ ಕಲಿಯೋ ತನಕ ಬಿಡ್ಬೇಡಿ."

ಅವನು ತಲೆಯಾಡಿಸಿ ನಿಂತ. ಇಷ್ಟು ಹೇಳಿದಳಲ್ಲ, ಇನ್ನು ಒಪ್ಪಿದಳು ಎಂದುಕೊಂಡಿರಬೇಕು, ಬೇಲಿಯ ಬಾಗಿಲಿಗೆ ಕೈ ಹಾಕಿದ.

"ಹಾಗಾದ್ರೆ ಇಸ್ಲಾವ್‌ಗೆ ಹೇಳ್ತೀಯಾ, ನಾನೇ ಹೇಳ್ಲಾ?"

ಅವಳು ಡ್ರಮ್ಮಿನ ಮುಚ್ಚಳ ಎಳೆದು ಹಾಕಿದಳು. ಹೊಗೆ ಇಬ್ಬರ ನಡುವೆ ಬಂತು.

"ಬೇಡ ನೋಂಗ್. ಇಂಗ್ಲಿಷಲ್ಲಿ ನಿಮ್ಮ ಸ್ವಂತದ್ದು ಅಂತ ಇದ್ದದ್ದು ಒಂದೇ ಮಾತು, ಅದನ್ನ ನನ್ನ ಮೇಲೇ ಖರ್ಚು ಮಾಡಿದ್ರಿ. ನನ್ನ ಗಂಡನ ಹೆಸರು ನಿಮ್ಮ ಬಾಯಲ್ಲಿ ಬರೋದು ಬೇಡ. ಒಳ್ಳೇದಕ್ಕೂ ಬೇಡ."